ರೂಟ್ ಹೋಗಿದೆ ಎನ್ನುವ ಮುನ್ನ

ಆಂಡ್ರಾಯ್ಡ್ ಫೋನಿನ ತಳದಲ್ಲಿರುವುದು ಲಿನಕ್ಸ್ ಕರ್ನಲ್. ಅದರಲ್ಲಿ ಪ್ರತಿ ಆ್ಯಪ್‌ಗೂ ಒಂದೊಂದು ಬಳಕೆದಾರ ಸಂಖ್ಯೆ ಇದ್ದು, ಒಂದರ ಕಡತಗಳನ್ನು ಮತ್ತೊಂದು ಮುಟ್ಟದಂತೆ ತಡೆ ಹಾಕಲಾಗಿರುತ್ತದೆ. ಸೊನ್ನೆ ಸಂಖ್ಯೆಯ ಬಳಕೆದಾರನಿಗೆ, ಅಂದರೆ ರೂಟ್‌ಗೆ, ಈ ತಡೆ ಲೆಕ್ಕಕ್ಕಿಲ್ಲ. ಫೋನ್ ಮಾರುವ ಕಂಪನಿಗಳು ಈ ಅಧಿಕಾರವನ್ನು ಕೊಂಡವರ ಕೈಗೆ ಕೊಡುವುದಿಲ್ಲವಾದ್ದರಿಂದ ಅದನ್ನು ಬೇರೆ ದಾರಿಯಿಂದ ಪಡೆದುಕೊಳ್ಳಬೇಕಾಗುತ್ತದೆ. 2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಾದ ಜಿ1ರಲ್ಲಿ ಮಾತ್ರ ಆ ದಾರಿ ತಾನಾಗಿಯೇ ತೆರೆದಿತ್ತು: ಕೀಲಿಮಣೆಯಲ್ಲಿ ಬರೆದದ್ದೆಲ್ಲ ಪರದೆಯ ಹಿಂದೆ ರೂಟ್ ಆದೇಶವಾಗಿಯೂ ನಡೆಯುತ್ತಿದ್ದುದರಿಂದ, ರೀಬೂಟ್ ಎಂದು ಇಂಗ್ಲಿಷಿನಲ್ಲಿ ಬರೆದು ಎಂಟರ್ ಒತ್ತಿದರೆ ಫೋನು ನಿಜವಾಗಿಯೂ ಆರಿ ಹತ್ತುತ್ತಿತ್ತು. ಈ ದೋಷವನ್ನು ಬೇಗನೆ ಸರಿಪಡಿಸಲಾಯಿತು.

ಕನ್ನಡ ಓದುಗರಿಗೆ ರೂಟಿನ ಅಗತ್ಯ ಬಿದ್ದದ್ದು ಲಿಪಿಯ ಕಾರಣದಿಂದ. 2012ರ ಜೆಲ್ಲಿ ಬೀನ್, ಅಂದರೆ ಆಂಡ್ರಾಯ್ಡಿನ 4.1ನೇ ಆವೃತ್ತಿ, ಬರುವವರೆಗೆ ಮೂಲ ವ್ಯವಸ್ಥೆಯಲ್ಲಿ ಕನ್ನಡಕ್ಕೆ ಬೆಂಬಲವಿರಲಿಲ್ಲ. ಅನೇಕ ಅಗ್ಗದ ಫೋನುಗಳಲ್ಲಿ ಕನ್ನಡದ ಪುಟ ತೆರೆದರೆ ಸಾಲುಸಾಲಾಗಿ ಖಾಲಿ ಚೌಕಗಳು ಕಾಣುತ್ತಿದ್ದವು. ಒಪೆರಾ ಮಿನಿ ಬ್ರೌಸರಿನ ಒಳ ಸೆಟ್ಟಿಂಗಿನಲ್ಲಿ ಅಕ್ಷರಗಳನ್ನು ಚಿತ್ರರೂಪದಲ್ಲಿ ತರಿಸಿಕೊಳ್ಳುವ ಆಯ್ಕೆಯೊಂದು ಇತ್ತಾದರೂ ಅದು ಆ ಬ್ರೌಸರಿಗಷ್ಟೇ ಸೀಮಿತವಾಗಿತ್ತು. ಇಡೀ ಫೋನಿಗೆ ಕನ್ನಡ ಬೇಕೆಂದವರು ರೂಟ್ ಮಾಡಿ, ವ್ಯವಸ್ಥೆಯ ಕಡತಗಳಿರುವ ಸಿಸ್ಟಮ್ ವಿಭಾಗದೊಳಗೆ ಕನ್ನಡ ಅಕ್ಷರಗಳುಳ್ಳ ಫಾಂಟನ್ನು ತಾವೇ ಇರಿಸಬೇಕಾಗಿತ್ತು. ಇರಿಸಿದ ಮೇಲೆ ಕಡತಕ್ಕೆ 644 ಎಂಬ ಅನುಮತಿ, ಅಂದರೆ ಎಲ್ಲರೂ ಓದಬಹುದು, ಒಡೆಯನೊಬ್ಬನೇ ಬರೆಯಬಹುದು ಎಂಬ ಗುರುತು, ಕೊಡಲು ಮರೆತರೆ ಫೋನು ಲೋಗೋದ ಮೇಲೆಯೇ ನಿಂತುಬಿಡುವ ಅಪಾಯವಿತ್ತು. ಇಷ್ಟಾದರೂ, ಒತ್ತಕ್ಷರಗಳನ್ನು ಕೂಡಿಸುವ ಎಂಜಿನ್ ಇಲ್ಲದ ಕಡೆ ಬಳ್ಳಾರಿಯು ಬಳ್‌ಳಾರಿ ಎಂದೂ ಸಿರುಗುಪ್ಪವು ಸಿರುಗುಪ್‌ಪ ಎಂದೂ ಒಡೆದು ಕಾಣುತ್ತಿದ್ದವು. ಬಳ್ಳಾರಿ ಜಿಲ್ಲೆಯ ಊರುಗಳಲ್ಲಿ ಒತ್ತೇ ಇಲ್ಲದ ಕುರುಗೋಡಿನಂಥ ಹೆಸರುಗಳು ಹೆಚ್ಚು ಊನವಿಲ್ಲದೆ ಉಳಿಯುತ್ತಿದ್ದವು.

ಆ ಕಾಲದ ವಿಧಾನವನ್ನೇ ಇಂದಿಗೂ ನೆಚ್ಚಿಕೊಂಡಿರುವುದು ಈಗಿನ ಅರ್ಧದಷ್ಟು ಗೊಂದಲಕ್ಕೆ ಮೂಲ. ಆಂಡ್ರಾಯ್ಡ್ 10ರ ನಂತರ ಬಿಡುಗಡೆಯಾದ ಹೆಚ್ಚಿನ ಫೋನುಗಳಲ್ಲಿ ಸಿಸ್ಟಮ್ ವಿಭಾಗವನ್ನು ಓದಲು ಮಾತ್ರ ಬರುವಂತೆ ಕಟ್ಟಲಾಗಿರುತ್ತದೆ. ರೂಟ್ ಆಗಿದ್ದರೂ ಅಲ್ಲಿಗೆ ಕಡತ ನಕಲು ಮಾಡಲು ಹೋದರೆ ‘ರೀಡ್ ಓನ್ಲಿ’ ಎಂಬ ಉತ್ತರ ಬರುತ್ತದೆ, ಬಳಕೆದಾರರು ಅದನ್ನು ನೋಡಿ ರೂಟೇ ಹೋಗಿದೆ ಎಂದು ತೀರ್ಮಾನಿಸುತ್ತಾರೆ. ರೂಟ್ ಅಲ್ಲೇ ಇರುತ್ತದೆ. ಬದಲಾಗಿರುವುದು ವಿಭಾಗದ ರಚನೆ. 2016ರಲ್ಲಿ ಜಾನ್ ವು ರೂಪಿಸಿದ ಮ್ಯಾಜಿಸ್ಕ್ ಎಂಬ ಸಾಧನವು ಸಿಸ್ಟಮ್ ವಿಭಾಗವನ್ನು ಮುಟ್ಟದೆ, ಫೋನು ಏಳುವಾಗ ಮೊದಲು ಓದುವ ಬೂಟ್ ಇಮೇಜನ್ನು ಮಾತ್ರ ತಿದ್ದುತ್ತದೆ. ಫಾಂಟ್ ಮೊದಲಾದ ಬದಲಾವಣೆಗಳನ್ನು ಮಾಡ್ಯೂಲ್ ಎಂಬ ಪ್ರತ್ಯೇಕ ಕಟ್ಟುಗಳಾಗಿ ಮೇಲಿನಿಂದ ಹೊದಿಸುತ್ತದೆ. ಇಂದು ಫಾಂಟ್ ಬದಲಿಸಲು ಮಾಡ್ಯೂಲೇ ಸರಿಯಾದ ದಾರಿ, ನಕಲು ಮಾಡುವುದಲ್ಲ.

ಕುರುಗೋಡು, ಸಿರುಗುಪ್ಪದಂಥ ಪಟ್ಟಣಗಳ ರಿಪೇರಿ ಅಂಗಡಿಗಳಲ್ಲಿ ಇಂಥ ಎಲ್ಲ ತೊಂದರೆಗಳಿಗೂ ‘ಸಾಫ್ಟ್‌ವೇರ್ ಹೋಗೈತೆ’ ಎಂಬ ಒಂದೇ ಹೆಸರು, ‘ಸಾಫ್ಟ್‌ವೇರ್ ಹೊಡೀಬೇಕು’ ಎಂಬ ಒಂದೇ ಮದ್ದು. ಹೊಡೆದರೆ ಫೋನು ಬದುಕುವುದು ನಿಜ; ಅದರೊಳಗಿನ ಫೋಟೋಗಳೂ ಕಾಗದಪತ್ರಗಳೂ ಹೋಗುವುದು ಅಷ್ಟೇ ನಿಜ. ಬೂಟ್ ಇಮೇಜು, ಮ್ಯಾಜಿಸ್ಕ್, ಮಾಡ್ಯೂಲುಗಳ ಸರಪಳಿಯಲ್ಲಿ ಯಾವ ಕೊಂಡಿ ಕಳಚಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ಬಹಳ ಸಲ ಅಷ್ಟು ದೂರ ಹೋಗಬೇಕಾಗಿಲ್ಲ.

ಮ್ಯಾಜಿಸ್ಕ್ ಆ್ಯಪ್ ತೆರೆದಾಗ ‘ಇನ್‌ಸ್ಟಾಲ್ಡ್’ ಎಂಬುದರ ಮುಂದೆ ಆವೃತ್ತಿ ಸಂಖ್ಯೆಯ ಬದಲು ‘ಎನ್ ಎ’ ಎಂದಿದ್ದರೆ ತಿದ್ದಿದ ಇಮೇಜು ಫೋನಿನಲ್ಲಿ ಕೆಲಸ ಮಾಡುತ್ತಿಲ್ಲ ಎಂದೇ ಅರ್ಥ. ಇದಕ್ಕೆ ಅತಿ ಸಾಮಾನ್ಯ ಕಾರಣ ಸಿಸ್ಟಮ್ ಅಪ್‌ಡೇಟ್. ಈಚಿನ ಹಲವು ಫೋನುಗಳಲ್ಲಿ ಸ್ಲಾಟ್ ಎಂಬ ಜೋಡಿ ವಿಭಾಗಗಳಿದ್ದು, ಅಪ್‌ಡೇಟ್ ಸುಮ್ಮನಿರುವ ಸ್ಲಾಟಿಗೆ ಇಳಿದು, ಮರುಚಾಲನೆಯಲ್ಲಿ ಅದೇ ಮುಂದೆ ಬರುತ್ತದೆ. ಹಳೆಯ ಸ್ಲಾಟಿನಲ್ಲಿದ್ದ ತಿದ್ದುಪಡಿ ಹಿಂದೆಯೇ ಉಳಿಯುತ್ತದೆ. ಎರಡನೆಯ ಕಾರಣ ತಪ್ಪು ಇಮೇಜು. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿಗೆ ಸೊಂಟದ ಅಳತೆ ಇರುವಂತೆ ಬೂಟ್ ಇಮೇಜಿಗೆ ಬಿಲ್ಡ್ ನಂಬರ್ ಇರುತ್ತದೆ, ಆದರೆ ಇಲ್ಲಿ ಬೆಲ್ಟು ಬಿಗಿದು ಸುಧಾರಿಸಿಕೊಳ್ಳಲು ಬರುವುದಿಲ್ಲ: ಸೆಟ್ಟಿಂಗ್ಸ್‌ನ ‘ಅಬೌಟ್ ಫೋನ್’ ಪುಟದಲ್ಲಿರುವ ಸಂಖ್ಯೆಗೂ ಇಮೇಜನ್ನು ತೆಗೆದುಕೊಂಡ ಫರ್ಮ್‌ವೇರಿನ ಸಂಖ್ಯೆಗೂ ಕೊನೆಯ ಅಕ್ಷರದವರೆಗೆ ತಾಳೆಯಾಗಬೇಕು. ಸಂಖ್ಯೆ ತಾಳೆಯಾದರೂ ತಿದ್ದಬೇಕಾದ ವಿಭಾಗವೇ ಬೇರೆಯಾಗಿರಬಹುದು. ಗೂಗಲ್ ಪಿಕ್ಸೆಲ್ 6ರಲ್ಲಿ ತಿದ್ದಬೇಕಾದದ್ದು ಬೂಟ್ ಇಮೇಜು. ಆಂಡ್ರಾಯ್ಡ್ 13ರೊಂದಿಗೇ ಹುಟ್ಟಿದ ಪಿಕ್ಸೆಲ್ 7ರಲ್ಲಿ ಇನಿಟ್ ಬೂಟ್ ಎಂಬ ಇನ್ನೊಂದು ಇಮೇಜು. ಪಿಕ್ಸೆಲ್ 6ಕ್ಕೆ ಆಮೇಲೆ 13 ಹಾಕಿಕೊಂಡರೂ ಅದರ ಲೆಕ್ಕ ಬದಲಾಗುವುದಿಲ್ಲ.

ಸಂಶಯವಿರುವಾಗ, ಕಂಪ್ಯೂಟರಿನಿಂದ ಫೋನಿಗೆ ಆದೇಶ ಕೊಡುವ ಫಾಸ್ಟ್‌ಬೂಟ್ ಸಾಧನದಲ್ಲಿ ‘ಫ್ಲ್ಯಾಶ್’ ಎನ್ನುವ ಬದಲು ‘ಬೂಟ್’ ಎನ್ನುವುದು ಜಾಣತನ. ಮೊದಲನೆಯದು ಇಮೇಜನ್ನು ವಿಭಾಗದಲ್ಲಿ ಬರೆದೇಬಿಡುತ್ತದೆ. ಎರಡನೆಯದು ಆ ಒಂದು ಸಲಕ್ಕಷ್ಟೇ ಅದರಿಂದ ಫೋನನ್ನು ಎಬ್ಬಿಸುತ್ತದೆ, ಏಳದಿದ್ದರೆ ಮರುಚಾಲನೆಯಲ್ಲಿ ಎಲ್ಲ ಮೊದಲಿನಂತೆ. ಈ ಸೌಲಭ್ಯವನ್ನು ಕೆಲವು ಕಂಪನಿಗಳು ತೆಗೆದುಹಾಕಿರುವುದು ಬೇಸರದ ಸಂಗತಿ.

ಮ್ಯಾಜಿಸ್ಕ್ ಆ್ಯಪ್ ಸರಿಯಾಗಿದ್ದು, ಆದೇಶ ಬರೆಯುವ ಟರ್ಮಿನಲ್ ಆ್ಯಪ್‌ನಲ್ಲಿ ಮಾತ್ರ ‘ಪರ್ಮಿಷನ್ ಡಿನೈಡ್’ ಎಂದು ಬರುತ್ತಿದ್ದರೆ ಏನನ್ನೂ ಹೊಡೆಯುವ ಅಗತ್ಯವಿಲ್ಲ. ಅನುಮತಿ ಕೇಳುವ ಕಿಟಕಿ ಕೆಲವೇ ಸೆಕೆಂಡು ಕಾದು ತಾನೇ ‘ಇಲ್ಲ’ ಎಂದುಕೊಂಡಿರಬಹುದು, ಅಥವಾ ಹಿಂದೊಮ್ಮೆ ಒತ್ತಿದ ನಿರಾಕರಣೆ ಉಳಿದುಕೊಂಡಿರಬಹುದು. ಮ್ಯಾಜಿಸ್ಕ್‌ನ ಸೂಪರ್‌ಯೂಸರ್ ಪಟ್ಟಿಯಲ್ಲಿ ಟರ್ಮಿನಲ್‌ನ ಗುಂಡಿಯನ್ನು ತಿರುಗಿಸಿದರೆ ಸಾಕು.

ಲೋಗೋದ ಮೇಲೆ ನಿಂತ ಫೋನು ಇದಕ್ಕಿಂತ ಗಾಬರಿ ಹುಟ್ಟಿಸುತ್ತದೆ, ಆದರೆ ಅದು ನಿಂತದ್ದು ಮಾಡ್ಯೂಲ್ ಹಾಕಿದ ಬೆನ್ನಿಗೇ ಎಂದಾದರೆ ಪರಿಹಾರ ಫೋನಿನಲ್ಲೇ ಇದೆ. ಸೇಫ್ ಮೋಡ್‌ನಲ್ಲಿ, ಅಂದರೆ ಹೊರಗಿನ ಆ್ಯಪ್‌ಗಳಿಲ್ಲದೆ ಫೋನು ಏಳುವ ಸ್ಥಿತಿಯಲ್ಲಿ, ಒಮ್ಮೆ ಎಬ್ಬಿಸಿದರೆ ಮ್ಯಾಜಿಸ್ಕ್ ಎಲ್ಲ ಮಾಡ್ಯೂಲುಗಳನ್ನೂ ನಿಷ್ಕ್ರಿಯಗೊಳಿಸುತ್ತದೆ. ಬಹಳಷ್ಟು ಫೋನುಗಳಲ್ಲಿ ಅವು ಏಳುವಾಗ ವಾಲ್ಯೂಮ್ ತಗ್ಗಿಸುವ ಗುಂಡಿಯನ್ನು ಒತ್ತಿ ಹಿಡಿದರೆ ಈ ಸ್ಥಿತಿ ಸಿಗುತ್ತದೆ. ಮಾಡಲೇಬಾರದ ಕೆಲಸವೆಂದರೆ, ಬೂಟ್ ಇಮೇಜು ತಿದ್ದಿದ ಸ್ಥಿತಿಯಲ್ಲಿರುವಾಗ ಬೂಟ್‌ಲೋಡರ್‌ಗೆ, ಅಂದರೆ ಇಮೇಜಿನ ಸಹಿ ಪರೀಕ್ಷಿಸಿ ಫೋನನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಮಿಗೆ, ಮತ್ತೆ ಬೀಗ ಹಾಕುವುದು. ಸಹಿ ತಾಳೆಯಾಗದೆ ಫೋನು ಏಳುವುದೇ ಇಲ್ಲ. ಬೀಗ ಬಿದ್ದಿರುವುದರಿಂದ ಸರಿಪಡಿಸುವ ದಾರಿಯೂ ಬಹಳ ಸಲ ಮುಚ್ಚಿರುತ್ತದೆ.

ಬ್ಯಾಂಕ್ ಆ್ಯಪ್‌ಗಳ ನಿರಾಕರಣೆ ರೂಟಿನ ದೋಷವಲ್ಲ, ರೂಟಿನ ಬೆಲೆ. ಪ್ಲೇ ಇಂಟೆಗ್ರಿಟಿ ಎಂಬ ಗೂಗಲ್ ಪರೀಕ್ಷೆ ಬೂಟ್‌ಲೋಡರ್ ತೆರೆದಿದೆಯೇ ಎಂಬುದನ್ನೂ ಗಮನಿಸುತ್ತದೆ. ಅದನ್ನು ಮರೆಮಾಚುವ ಮಾಡ್ಯೂಲುಗಳು ಇವತ್ತು ನಡೆದು ನಾಳೆ ನಿಲ್ಲುತ್ತವೆ. ಭತ್ತದ ಹಣವೋ ಅಂಗಡಿಯ ದಿನದ ವ್ಯಾಪಾರವೋ ಯುಪಿಐ ಮೂಲಕ ಬಂದುಹೋಗುವ ಫೋನನ್ನು ರೂಟ್ ಮಾಡುವುದು ತರವಲ್ಲ. ಈ ಹವ್ಯಾಸಕ್ಕೆ ಮನೆಯ ಮೂಲೆ ಸೇರಿರುವ ಹಳೆಯ ಫೋನು ಸಾಕು. ಅದನ್ನಾದರೂ ಅಂಗಡಿಗೆ ಒಯ್ಯುವವರು ಬಿಲ್ಡ್ ನಂಬರನ್ನು ಚೀಟಿಯಲ್ಲಿ ಬರೆದುಕೊಂಡು, ತಿದ್ದದ ಮೂಲ ಬೂಟ್ ಇಮೇಜನ್ನು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡು ಹೋಗಬೇಕು, ಮತ್ತು ಡೇಟಾ ಅಳಿಸುವ ಮುನ್ನ ತಮ್ಮನ್ನು ಕೇಳುವಂತೆ ಅಂಗಡಿಯವರಿಗೆ ಬಾಯಿಬಿಟ್ಟು ಹೇಳಬೇಕು.