ದೂರಪಟ್ಟಿಯೂ ದಾರಿಯೂ

ಕಾವ್ಯನಾಟಕಗಳನ್ನು ವಿಮರ್ಶಿಸುವ ವಾಡಿಕೆಯಿರುವಂತೆ ಭೂಪಟವನ್ನೂ ಊರಿಂದೂರಿಗಿರುವ ದೂರದ ಪಟ್ಟಿಯನ್ನೂ ವಿಮರ್ಶಿಸುವ ವಾಡಿಕೆಯಿಲ್ಲ. ಅಲ್ಲಿರುವ ಅಂಕೆಯು ಸರಿಯಾಗಿರಬೇಕು ಇಲ್ಲವೆ ತಪ್ಪಾಗಿರಬೇಕು, ಗುಣದೋಷವಿಚಾರಕ್ಕೆ ಅದರಲ್ಲಿ ಎಡೆಯಿಲ್ಲವೆಂಬುದು ಸಾಮಾನ್ಯ ತಿಳಿವಳಿಕೆ. ಆದರೆ ದೂರಪಟ್ಟಿಯೂ ಒಬ್ಬ ಕರ್ತೃವು ಓದುಗನಿಗಾಗಿ ರಚಿಸಿದ ಕೃತಿಯೇ ಆಗಿದೆ. ಇಷ್ಟು ನಡೆದರೆ ಇಂತಹ ಊರನ್ನು ಸೇರುವೆಯೆಂದು ಅದು ಓದುಗನಿಗೆ ಭಾಷೆ ಕೊಡುತ್ತದೆ. ಆ ಭಾಷೆಯನ್ನು ನಂಬಿ ಹೊರಟವನು ಕತ್ತಲಾಗುವ ಮುನ್ನ ತಂಗುವೆಡೆಯನ್ನು ಸೇರದೆಹೋದರೆ ಕಷ್ಟವು ಕರ್ತೃವಿಗಲ್ಲ, ದಾರಿಗನಿಗೆ. ಆದುದರಿಂದ ಇಂತಹ ಕೃತಿಗಳು ಯಾರಿಗೆ ಏನನ್ನು ಹೇಳುತ್ತವೆ, ಏನನ್ನು ಹೇಳದೆ ಬಿಡುತ್ತವೆ ಎಂಬ ವಿಚಾರವು ಅವಶ್ಯವಾದುದು.

ಈ ಬಗೆಯ ಗ್ರಂಥಗಳು ಇಂಗ್ಲೆಂಡಿನಲ್ಲಿ ಬೆಳೆದ ಕ್ರಮವು ಗಮನಾರ್ಹವಾಗಿದೆ. ಕ್ರಿಸ್ಟೋಫರ್ ಸ್ಯಾಕ್ಸ್‌ಟನ್ನನು 1579ರಲ್ಲಿ ಇಂಗ್ಲೆಂಡು ಮತ್ತು ವೇಲ್ಸಿನ ಜಿಲ್ಲೆಗಳ ಪಟಗಳನ್ನು ಒಂದೇ ಸಂಪುಟವಾಗಿ ಹೊರಡಿಸಿದನು. ಊರು, ನದಿ, ಗುಡ್ಡ, ಉದ್ಯಾನ ಎಲ್ಲವೂ ಅದರಲ್ಲಿವೆ. ದಾರಿ ಮಾತ್ರ ಇಲ್ಲ. ಅದು ಅರಸನೂ ಜಮೀನ್ದಾರನೂ ಕುಳಿತು ನೋಡತಕ್ಕ ಗ್ರಂಥವೇ ಹೊರತು ನಡೆಯುವವನಿಗೆ ತಕ್ಕುದಲ್ಲ. ಜಾನ್ ನಾರ್ಡನ್ನನು 1593ರಲ್ಲಿ ಮಿಡ್ಲ್‌ಸೆಕ್ಸ್ ಜಿಲ್ಲೆಯ ಪಟದಲ್ಲಿ ದಾರಿಗಳನ್ನು ಗುರುತಿಸಿದನು. 1625ರಲ್ಲಿ ಪಯಣಿಗರಿಗಾಗಿ ದೂರಪಟ್ಟಿಗಳ ಪುಸ್ತಕವನ್ನೇ ಕೊಟ್ಟನು. ಊರುಗಳ ಹೆಸರನ್ನು ಮುಕ್ಕೋನಾಗಿ ಜೋಡಿಸಿ, ಎರಡು ಹೆಸರುಗಳ ಸಾಲುಗಳು ಕೂಡುವ ಮನೆಯಲ್ಲಿ ಮೈಲಿಯ ಅಂಕೆಯನ್ನಿರಿಸುವುದು ಅದರ ರೀತಿ. ಮಗ್ಗಿಯಷ್ಟೇ ಸುಲಭವಾದ ಈ ಉಪಾಯದ ಬುದ್ಧಿವಂತಿಕೆಯು ಮೆಚ್ಚತಕ್ಕುದು. ಆದರೆ ಎರಡು ಊರುಗಳ ನಡುವೆ ಒಂದೇ ಅಂಕೆಯಿರುವುದರಿಂದ ನಡುವಿನ ಏರು, ಹೊಳೆ, ಕಾಡುಗಳೆಲ್ಲವೂ ಆ ಒಂದು ಮನೆಯೊಳಗೆ ಅಡಗಿ ಹೋಗುತ್ತವೆ. ಸಂತೆಯಿಲ್ಲದ ಸಣ್ಣ ಊರಿಗೆ ಅಲ್ಲಿ ಸ್ಥಳವೂ ಇಲ್ಲ.

ಜಾನ್ ಒಗಿಲ್ಬಿಯು 1675ರಲ್ಲಿ ಪ್ರಕಟಿಸಿದ ‘ಬ್ರಿಟಾನಿಯಾ’ ಎಂಬ ಗ್ರಂಥವು ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿತು. ಚಕ್ರದಿಂದ ದಾರಿಗಳನ್ನಳೆಯಿಸಿ, ಮೈಲಿಗೆ ಒಂದಂಗುಲದಂತೆ ನೂರು ಹಾಳೆಗಳಲ್ಲಿ, ಸುರುಳಿ ಬಿಚ್ಚಿದಂತೆ ಅವನು ದಾರಿಯನ್ನು ಬರೆದು ತೋರಿಸಿದನು. ಸೇತುವೆಯೆಲ್ಲಿ, ಏರೆಲ್ಲಿ, ಇಳಿತವೆಲ್ಲಿ ಎಂಬುದು ನಡೆಯುವವನ ಕಣ್ಣಿಗೆ ಬರುವ ಕ್ರಮದಲ್ಲಿಯೇ ಬರುತ್ತದೆ. ಅದಕ್ಕಿಂತಲೂ ಹೆಚ್ಚಿನ ಗುಣವೊಂದುಂಟು. ನೇರ ಗೆರೆಯ ದೂರ, ಜನರು ವಾಡಿಕೆಯಲ್ಲಿ ಹೇಳುವ ದೂರ, ಚಕ್ರವು ಅಳೆದ ದೂರ ಎಂದು ಅವನು ಮೂರನ್ನೂ ಕೊಡುತ್ತಾನೆ. 1593ರ ಕಾನೂನಿನಂತೆ ಮೈಲಿಗೆ 1760 ಗಜವೆಂದು ಗೊತ್ತಾಗಿದ್ದರೂ ಹಳ್ಳಿಯವರ ಮೈಲಿಯು ಅದಕ್ಕಿಂತ ಉದ್ದವಾಗಿತ್ತು. ತನ್ನ ಅಳತೆಯೇ ಖಚಿತವೆಂದು ಜನರ ಲೆಕ್ಕವನ್ನು ಅವನು ಅಳಿಸಿಹಾಕಲಿಲ್ಲ. ಎರಡನ್ನೂ ಬಳಿಬಳಿಯಲ್ಲಿಟ್ಟು ತೂಗುವ ಕೆಲಸವನ್ನು ಓದುಗನಿಗೆ ಬಿಟ್ಟನು. ದೂರವನ್ನು ಹೇಳುವ ಗ್ರಂಥದ ಪ್ರಾಮಾಣಿಕತೆಗೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ಕಷ್ಟ.

ಈ ಒರೆಗಲ್ಲಿಗೆ ನಮ್ಮ ಜಿಲ್ಲೆಗೆ ಸಂಬಂಧಿಸಿದ ಒಂದು ಗ್ರಂಥವನ್ನು ಹಚ್ಚಿ ನೋಡಬಹುದು. ವೈದ್ಯನಾದ ಫ್ರಾನ್ಸಿಸ್ ಬುಕಾನನನು 1800ರಲ್ಲಿ ಮದರಾಸಿನಿಂದ ಹೊರಟು, ಮೈಸೂರು ಮಲೆಯಾಳಗಳನ್ನು ಸುತ್ತಿ, 1801ರ ಮೊದಲ ತಿಂಗಳುಗಳಲ್ಲಿ ಕನ್ನಡ ಜಿಲ್ಲೆಯನ್ನು ಹಾದನು. ಅವನ ಪ್ರವಾಸಗ್ರಂಥವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾಯಿತು. ಮಂಗಳೂರು, ಬಂಟವಾಳ, ಜಮಲಾಬಾದು, ವೇಣೂರು, ಮೂಡಬಿದ್ರೆ, ಕಾರ್ಕಳ ಎಂಬ ಸಾಲಿನಲ್ಲಿ ಅವನ ಪಯಣವು ಸಾಗುತ್ತದೆ. ತಾರೀಕನ್ನು ಬರೆದು, ಆ ದಿನ ನಡೆದ ದೂರವನ್ನು ಹೇಳಿ, ಬಳಿಕ ಕಂಡುದನ್ನು ವಿವರಿಸುವುದು ಅವನ ಶೈಲಿ. ಹಲವೆಡೆ ದೂರವನ್ನು ಊರವರು ಹೇಳುವ ಕ್ರೋಶದಲ್ಲಿಯೇ ಬರೆದಿರುವನು. ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ಇಲ್ಲಿಯ ಬೇಸಾಯಗಾರನು ವಿಂಗಡಿಸುವಂತೆಯೇ ವಿಂಗಡಿಸಿರುವನು. ಜನರ ಮಾತನ್ನು ಹೀಗೆ ಜನರ ಮಾತಾಗಿಯೇ ಉಳಿಸಿಕೊಂಡುದು ಈ ಗ್ರಂಥದ ದೊಡ್ಡ ಗುಣ.

ಆದರೆ ದೋಷಗಳೂ ಅಲ್ಪವಲ್ಲ. ವೇಣೂರನ್ನು ‘ಐನೂರು’ ಎಂದು ಬರೆದಿರುವುದರಿಂದ ಹೊಸ ಓದುಗನು ಸ್ಥಳವನ್ನರಿಯಲು ತಡಕಾಡಬೇಕಾಗುತ್ತದೆ. ಇದು ಕ್ಷಮ್ಯ. ಹೆಚ್ಚಿನ ದೋಷವೆಂದರೆ ಅವನು ನಡೆದುದು ಬೇಸಗೆಯ ದಾರಿ ಮಾತ್ರ. ಮಳೆಗಾಲದ ತುಳುನಾಡು ಅವನ ದಿನಚರಿಯೊಳಗೆ ದಾರಿಯಾಗಿ ಬರುವುದೇ ಇಲ್ಲ.

ಇದು ಎಷ್ಟು ದೊಡ್ಡ ಕೊರತೆಯೆಂಬುದನ್ನು ಕೊಕ್ಕಡವನ್ನು ನೋಡಿದರೆ ಅರಿಯಬಹುದು. ಬುಕಾನನನ ಹಾದಿಗೆ ಸೇರದ ಈ ಊರು ನೇತ್ರಾವತಿ ಕುಮಾರಧಾರೆಗಳ ನಡುವಣ ಸೀಮೆಯಲ್ಲಿದೆ. ಬೆಳ್ತಂಗಡಿಗೆ ಹೋಗಬೇಕಾದರೆ ನೇತ್ರಾವತಿಯನ್ನೂ, ಉಪ್ಪಿನಂಗಡಿಯ ಮೇಲಾಗಿ ಪುತ್ತೂರಿಗೆ ಹೋಗಬೇಕಾದರೆ ಕುಮಾರಧಾರೆಯನ್ನೂ ದಾಟಬೇಕು. ಸೇತುವೆಗಳಿಲ್ಲದ ಕಾಲದಲ್ಲಿ ಮಳೆ ಕಳೆದ ಮೇಲೆ ಕೋರಿ ಜಾತ್ರೆಗಾಗಿ ಇಲ್ಲಿಯ ವೈದ್ಯನಾಥೇಶ್ವರನ ಸನ್ನಿಧಿಗೆ ಬರುವವನ ದಾರಿಯೂ, ಆಟಿಯ ತಿಂಗಳಲ್ಲಿ ರೋಗಿಯನ್ನು ಹೊತ್ತು ಹೊರಡುವವನ ದಾರಿಯೂ ಪಟ್ಟಿಯಲ್ಲಿ ಒಂದೇ ಅಂಕೆಯಾಗಿದ್ದರೂ ನೆಲದ ಮೇಲೆ ಒಂದೇ ಆಗಿರಲಿಲ್ಲ. ಕಡವಿನಲ್ಲಿ ದೋಣಿಯಿಳಿಯದ ದಿನ ಎದುರುದಡವು ಕೂಗಳತೆಯಲ್ಲಿದ್ದರೂ ದೂರದೇಶವೇ. ಆದುದರಿಂದಲೇ ಹಿರಿಯರು ಹರದಾರಿ, ಗಾವುದಗಳ ಜತೆಗೆ ‘ನೀರಿಳಿದ ಮೇಲೆ’, ‘ಹೊತ್ತು ಮುಳುಗುವುದರೊಳಗೆ’ ಎಂದು ಕಾಲವನ್ನೂ ಸೇರಿಸಿ ದಾರಿ ಹೇಳುತ್ತಿದ್ದರು. ಅದನ್ನು ಅಜ್ಞಾನವೆನ್ನುವುದು ತಪ್ಪು.

ಹಾಗೆಂದು ಶಾಸ್ತ್ರೀಯವಾದ ಅಳತೆಯನ್ನು ಹಳಿಯಲಾಗದು. ಲ್ಯಾಂಬ್ಟನ್ನನು 1802ರಲ್ಲಿ ಮದರಾಸಿನ ಬಳಿ ಆರಂಭಿಸಿದ ತ್ರಿಕೋಣಮಾಪನವು ಮಂಗಳೂರಿನ ಕರಾವಳಿಯನ್ನು ಮುಟ್ಟಿದಾಗ, ಅದುವರೆಗೆ ಸುಮಾರು 400 ಮೈಲಿಯೆಂದು ನಂಬಿದ್ದ ಪೂರ್ವಪಶ್ಚಿಮ ಕಡಲುಗಳ ಅಂತರವು ಸುಮಾರು 360 ಮೈಲಿಯೆಂದು ತಿಳಿದುಬಂದಿತು. ದಾರಿಯ ಅಂಕುಡೊಂಕನ್ನು ಅಂದಾಜಿನಿಂದ ಕಳೆದು ಬರೆದ ಪಟಗಳು ನಲ್ವತ್ತು ಮೈಲಿ ತಪ್ಪಿದ್ದವು. ಪಟವನ್ನು ತಿದ್ದಲು ಲ್ಯಾಂಬ್ಟನ್ನನ ಅಂಕೆಯೇ ಬೇಕು. ಆದರೆ ಆ ಅಂಕೆಯಿಂದ ಕುಮಾರಧಾರೆಯ ಕಡವಿನಲ್ಲಿ ಕಾದಿರುವವನ ದಾರಿಯು ಒಂದು ಗೇಣೂ ಕಿರಿದಾಗಲಿಲ್ಲ.

ಈಗ ಹೊಳೆಗಳಿಗೆ ಸೇತುವೆಗಳಾಗಿವೆ, ಪೇಟೆಗಳ ನಡುವಣ ದೂರವು ಕಲ್ಲುಕಲ್ಲಿನ ಮೇಲೆ ಬರೆದಿದೆ. ಆದರೂ ಮಳೆಗೆ ಮುಳುಗುವ ತೋಡು, ಕೊಚ್ಚಿಹೋಗುವ ಕಾಲುಸಂಕ, ಶಾಲೆಗೆ ಹೋಗುವ ಮಕ್ಕಳು ಸುತ್ತಿಬಳಸುವ ಹಾದಿ ಇವು ಪಟ್ಟಿಗೆ ಹೊರಗಾಗಿಯೇ ಉಳಿದಿವೆ. ಶಾಲೆ ಆಸ್ಪತ್ರೆಗಳು ಎಲ್ಲಿರಬೇಕೆಂಬ ನಿರ್ಣಯವು ಪಟ್ಟಿಯ ಅಂಕೆಯನ್ನು ಮಾತ್ರ ನೋಡಿ ಆಗುವುದಾದರೆ ಈ ಲೋಪವು ಸಣ್ಣದಲ್ಲ. ಊರಿನ ಭೂಪಟವನ್ನು ಬರೆಯಹೊರಡುವವರು ಒಗಿಲ್ಬಿಯಂತೆ ಜನರ ಲೆಕ್ಕಕ್ಕೂ ಒಂದು ಸಾಲನ್ನಿಟ್ಟು, ಬುಕಾನನನು ಬಿಟ್ಟ ಮಳೆಗಾಲಕ್ಕೆ ಇನ್ನೊಂದು ಸಾಲನ್ನು ಸೇರಿಸಿದರೆ ಆ ಕೃತಿಯು ನಂಬಿ ನಡೆಯುವವನಿಗೆ ಕೊಟ್ಟ ಭಾಷೆಯನ್ನು ಉಳಿಸಿಕೊಂಡಂತಾಗುವುದು.