ಸುಟ್ಟ ಮಣ್ಣು, ಬಿಟ್ಟ ಊರು: ಹಿಮ್ಮತ್ ಶಾಹರ ಮೃಣ್ಮಯ ಶಿಲ್ಪಗಳು

ಆಚಾರ್ಯ ಸಮಂತಭದ್ರರು ‘ಆಪ್ತಮೀಮಾಂಸೆ’ಯಲ್ಲಿ ನೀಡಿರುವ ಚಿನ್ನದ ಕೊಡದ ದೃಷ್ಟಾಂತವು ಶ್ರಾವಕರಿಗೆ ಸುಪರಿಚಿತವಾದುದು. ಕೊಡವನ್ನು ಕರಗಿಸಿ ಕಿರೀಟ ಮಾಡಿದಾಗ ಕೊಡ ಬೇಕಾಗಿದ್ದವನು ಅಳುತ್ತಾನೆ. ಕಿರೀಟ ಬೇಕಾಗಿದ್ದವನು ನಲಿಯುತ್ತಾನೆ. ಚಿನ್ನವಷ್ಟೇ ಸಾಕೆಂಬವನಿಗೆ ಎರಡೂ ಇಲ್ಲ. ಉತ್ಪಾದ, ವ್ಯಯ, ಧ್ರೌವ್ಯಗಳನ್ನು ತಿಳಿಯಲು ಇದಕ್ಕಿಂತ ಸುಲಭವಾದ ಉದಾಹರಣೆ ಸಿಗಲಾರದು. ಆದರೆ ಕೊಡವು ಚಿನ್ನದ್ದಾಗಿರದೆ ಮಣ್ಣಿನದಾಗಿದ್ದರೆ? ಆವಿಗೆಯಲ್ಲಿ ಸುಮಾರು 600 ಡಿಗ್ರಿ ಸೆಲ್ಸಿಯಸ್ ದಾಟಿ ಬೆಂದ ಜೇಡಿಮಣ್ಣು ಎಷ್ಟು ನೀರು ಹನಿಸಿದರೂ ಮತ್ತೆ ಮೆತ್ತಗಾಗುವುದಿಲ್ಲ. ಒಡೆದರೆ ಬೋಕಿಯಾಗುತ್ತದೆಯೇ ಹೊರತು ತಿಗರಿಗೆ ಮರಳುವುದಿಲ್ಲ. ದ್ರವ್ಯ ಉಳಿಯಿತೆಂಬುದು ಸಿದ್ಧಾಂತಕ್ಕೆ ಸರಿ. ಕುಂಬಾರನಿಗೆ ಅದರಿಂದ ಸಮಾಧಾನವಿಲ್ಲ.

ಈ ಭೇದವನ್ನು ಕಣ್ಣಿಗೆ ಕಾಣುವಂತೆ ಮಾಡಿದವರು ಶಿಲ್ಪಿ ಹಿಮ್ಮತ್ ಶಾಹ (1933-2025). ಅವರು ಹುಟ್ಟಿದ್ದು ಗುಜರಾತಿನ ಲೋಥಲ್‌ನ ಜೈನ ಕುಟುಂಬದಲ್ಲಿ. ಕನ್ನಡಿಗ ಪುರಾತತ್ತ್ವಜ್ಞ ಶಿಕಾರಿಪುರ ರಂಗನಾಥರಾಯರು 1955ರಿಂದ ಉತ್ಖನನ ನಡೆಸಿ ಹರಪ್ಪಾ ಕಾಲದ ಪಟ್ಟಣವನ್ನು ಬೆಳಕಿಗೆ ತಂದ ಲೋಥಲ್ ಅದೇ. ಊರು ಬಿಟ್ಟ ಶಾಹರು ಬರೋಡ, ಪ್ಯಾರಿಸ್, ದೆಹಲಿಗಳನ್ನು ಕಂಡು ಕೊನೆಗೆ ಜೈಪುರ ಸೇರಿದರು. ಆವಿಗೆಯ ವೃತ್ತಿಯನ್ನು ಅಂಗಾರಕರ್ಮವೆಂದು ಶ್ರಾವಕರಿಗೆ ವರ್ಜ್ಯಗೊಳಿಸಿದ ಪರಂಪರೆಯಲ್ಲಿ ಜನಿಸಿದವರು ಬೆಂಕಿ ಮತ್ತು ಮಣ್ಣನ್ನೇ ಆಯ್ದುಕೊಂಡದ್ದು ವಿಚಿತ್ರವಾದರೂ ನಿಜ.

ಅವರ ಸುಟ್ಟಮಣ್ಣಿನ ಶಿರಗಳಲ್ಲಿ ಕತ್ತು ನೀಳವಾಗಿರುತ್ತದೆ. ಕಣ್ಣು ಬಾಯಿಗಳ ಸ್ಥಾನದಲ್ಲಿ ಸೀಳು, ಗೀರು, ಒತ್ತಿದ ಗುರುತು. ಕೆಲವಕ್ಕೆ ಬೆಳ್ಳಿರೇಕಿನ ಲೇಪ. ಯಾರ ಮುಖವೆಂದು ಹೇಳಲಾಗದು. ದುಃಖಿತನ ಮುಖವನ್ನು ಅಳಿಸುವುದು ಅವನನ್ನು ಇನ್ನೊಮ್ಮೆ ಅಳಿಸಿದಂತಲ್ಲವೇ ಎಂದು ಆಕ್ಷೇಪಿಸಬಹುದು. ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಲಾಗದು.

ಮುಂಡರಗಿ ತಾಲೂಕಿನ ಹಮ್ಮಿಗಿಯನ್ನು ನೆನೆದರೆ ಅದರ ತೂಕ ತಿಳಿಯುತ್ತದೆ. ಅಲ್ಲಿ ತುಂಗಭದ್ರೆಗೆ ಅಡ್ಡಲಾಗಿ ಸಿಂಗಟಾಲೂರು ಏತ ನೀರಾವರಿ ಯೋಜನೆಯ ಬ್ಯಾರೇಜು ನಿಂತಿದೆ. ಅದರ ಹಿನ್ನೀರಿನಿಂದ ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳಗಳ ಜನರಿಗೆ ಊರು ಬಿಡುವ ಪ್ರಸಂಗ ಬಂದಿತು. ನೀರು ಪಡೆದ ರೈತನ ಹರ್ಷ ಸುಳ್ಳಲ್ಲ; ಊರು ಕಳೆದುಕೊಂಡವನ ಶೋಕವೂ ಸುಳ್ಳಲ್ಲ. ಆದರೆ ಪರಿಹಾರದ ಖಾತೆಪುಸ್ತಕವು ಎಲ್ಲವನ್ನೂ ಚಿನ್ನವೆಂದೇ ಬಗೆಯುತ್ತದೆ: ಕರಗಿಸಬಹುದು, ತೂಗಬಹುದು, ಬೇರೆಡೆ ಮತ್ತೆ ಎರಕ ಹೊಯ್ಯಬಹುದು. ಒಂದೇ ಓಣಿಯಲ್ಲಿ ಅರವತ್ತು ವರ್ಷ ಬೆಂದ ಮನುಷ್ಯನಿಗೆ ಆ ಲೆಕ್ಕ ಹೊಂದುವುದಿಲ್ಲ. ಅಂಥವನೆದುರು ಅನಿತ್ಯ ಭಾವನೆಯನ್ನು ಉಪದೇಶಿಸುವವರು, ಭಾವನೆಗಳನ್ನು ಚಿಂತಿಸಬೇಕಾದುದು ತಮ್ಮ ವಿಷಯದಲ್ಲಿ ಎಂಬುದನ್ನು ಮರೆತಿರುತ್ತಾರೆ.

ಶಾಹರ ಶಿರಗಳು ಉಪದೇಶಿಸುವುದಿಲ್ಲ. ನಿರ್ದಿಷ್ಟ ಮುಖವಿದ್ದಿದ್ದರೆ ಗುಮ್ಮಗೋಳದವನು ಇನ್ನೊಬ್ಬನ ಕಥೆಯನ್ನು ನೋಡಿ ಕನಿಕರಪಟ್ಟು ಮುಂದೆ ಹೋಗುತ್ತಿದ್ದ. ಇಲ್ಲಿ ಅವನು ನೋಡುವುದು ಬೆಂದ ಮೇಲೆ ಬದಲಾಗಲಾರದ ಒಂದು ಆಕಾರವನ್ನು. ಅದನ್ನು ಗುರುತಿಸಲು ಲೋಥಲ್‌ನ ಪರಿಚಯ ಬೇಕಿಲ್ಲ. ಆಕ್ಷೇಪಕ್ಕೆ ಇಷ್ಟರಮಟ್ಟಿನ ಉತ್ತರ ದೊರೆಯುತ್ತದೆ.

ಆದರೆ ಶಾಹರು ಇಂಥ ಶಿರಗಳನ್ನು ಕಂಚಿನಲ್ಲೂ ಎರಕ ಹೊಯ್ಯಿಸಿದರು. ಅಲ್ಲಿ ಆಕಾರ ಹಾಗೆಯೇ ಇದೆ, ಬಾಳಿಕೆ ಹೆಚ್ಚಿದೆ. ಆದರೂ ಕಂಚು ಚಿನ್ನದ ಜಾತಿಯದು. ಅದನ್ನು ಮತ್ತೆ ಕರಗಿಸಬಹುದು. ಮಣ್ಣಿನ ಶಿರದಲ್ಲಿ ಬಿರುಕೆಂದು ಕಂಡದ್ದು ಕಂಚಿನಲ್ಲಿ ಬರಿಯ ಗೆರೆಯಾಗಿ ಉಳಿದಿದೆ.