ಕಸಿದುಕೊಂಡದ್ದು ತ್ಯಾಗವಲ್ಲ: ‘ಯಾದ್ ವಶೇಮ್’ ಮತ್ತು ಅಪರಿಗ್ರಹ ವಿಚಾರ

ನೇಮಿಚಂದ್ರ ಅವರ ‘ಯಾದ್ ವಶೇಮ್’ 2007ರಲ್ಲಿ ಪ್ರಕಟವಾದ ಕಾದಂಬರಿ. ನಾತ್ಸಿ ಜರ್ಮನಿಯಿಂದ ತಂದೆಯೊಡನೆ ಪಾರಾಗಿ ಬೆಂಗಳೂರಿಗೆ ಬಂದ ಯಹೂದಿ ಬಾಲಕಿಯೊಬ್ಬಳು ಮುಸ್ಲಿಂ ಕುಟುಂಬವೊಂದರ ಆಶ್ರಯದಲ್ಲಿ ಬೆಳೆದು, ದಶಕಗಳ ತರುವಾಯ ತನ್ನವರನ್ನು ಅರಸಿ ಹೊರಡುವುದು ಇದರ ವಸ್ತು. ಚರಿತ್ರೆಯ ವಿವರಗಳ ಭಾರ ಕೆಲವೆಡೆ ಕಥೆಯ ನಡಿಗೆಯನ್ನು ತಡೆಯುವುದುಂಟು. ಆದರೂ ದೂರದೇಶದ ದಾರುಣವನ್ನು ಕನ್ನಡದ ಮನೆಯಂಗಳಕ್ಕೆ ತಂದು ನಿಲ್ಲಿಸಿದ ಕೃತಿಯಿದು. ಶೀರ್ಷಿಕೆಯ ಹೀಬ್ರೂ ಮಾತಿಗೆ ಸ್ಮಾರಕ ಮತ್ತು ಹೆಸರು ಎಂದರ್ಥ.

ಇದನ್ನು ಓದುವ ಶ್ರಾವಕನ ಮನಸ್ಸಿನಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ಕಳೆದುಹೋದವರನ್ನೂ ಅವರ ಗುರುತುಗಳನ್ನೂ ಹೀಗೆ ಬಿಗಿಯಾಗಿ ಹಿಡಿದುಕೊಳ್ಳುವುದು ಮೋಹವಲ್ಲವೆ? ಅದು ಪರಿಗ್ರಹವಲ್ಲವೆ?

ಉತ್ತರಕ್ಕೆ ಮೊದಲು, ಕಾದಂಬರಿಯ ಹಿನ್ನೆಲೆಯಲ್ಲಿರುವ ಚರಿತ್ರೆಯನ್ನು ನೋಡಬೇಕು. ಆಶ್ವಿಟ್ಜ್ ಶಿಬಿರಕ್ಕೆ ಬಂದಿಳಿದವರ ಬಟ್ಟೆ, ಪೆಟ್ಟಿಗೆ, ಉಂಗುರಗಳನ್ನು ಕಸಿದುಕೊಳ್ಳಲಾಗುತ್ತಿತ್ತು. ದುಡಿಮೆಗೆಂದು ಉಳಿಸಿಕೊಂಡವರ ತಲೆ ಬೋಳಿಸಿ, ಹೆಸರಿನ ಬದಲು ಸಂಖ್ಯೆ ಕೊಡಲಾಗುತ್ತಿತ್ತು. 1945ರಲ್ಲಿ ಯುದ್ಧ ಮುಗಿದ ಮೇಲೆ ಬದುಕುಳಿದವರು ನಿರಾಶ್ರಿತರ ಶಿಬಿರಗಳನ್ನು ಸೇರಿದರು. ಆ ವರ್ಷ ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಅರ್ಲ್ ಹ್ಯಾರಿಸನ್ ಸಲ್ಲಿಸಿದ ವರದಿಯಲ್ಲಿ ಮನಕಲಕುವ ಸಂಗತಿಯೊಂದಿದೆ: ಬಿಡುಗಡೆಯಾಗಿ ತಿಂಗಳುಗಳಾದರೂ ಅನೇಕರಿಗೆ ಸೆರೆವಾಸದ ಪಟ್ಟೆಬಟ್ಟೆಯ ಹೊರತು ಬೇರೆ ಉಡುಪಿರಲಿಲ್ಲ, ಕೆಲವರು ತಮ್ಮನ್ನು ಹಿಂಸಿಸಿದ ಎಸ್.ಎಸ್. ಪಡೆಯ ಸಮವಸ್ತ್ರವನ್ನೇ ತೊಡಬೇಕಾಗಿತ್ತು. ಮೈ ಮುಚ್ಚಿತ್ತು, ಮಾನ ಮುಚ್ಚಿರಲಿಲ್ಲ.

ಅದೇ ಜನ ಶಿಬಿರಗಳಲ್ಲಿ ಹೊಲಿಗೆ ಕಲಿತರು, ಮದುವೆಯಾದರು. 1946ರಲ್ಲಿ ಬೆರ್ಗೆನ್-ಬೆಲ್ಸೆನ್ ಶಿಬಿರದ ವಧುವೊಬ್ಬಳಿಗೆ ಪ್ಯಾರಾಚೂಟಿನ ಬಟ್ಟೆಯಿಂದ ಬಿಳಿಯ ಉಡುಪು ಸಿದ್ಧವಾಯಿತು. ಅವಳ ತರುವಾಯ ಇನ್ನೂ ಹಲವು ವಧುಗಳು ಅದನ್ನೇ ಉಟ್ಟು ಮದುವೆಯಾದರು. ಹತ್ತಾರು ಮನೆಗಳ ಸಂತೋಷಕ್ಕೆ ಒದಗಿದ ಈ ಒಂದು ಉಡುಪನ್ನು ಜೋಪಾನವಾಗಿ ಕಾಯ್ದಿರಿಸಿದ್ದನ್ನು ಪರಿಗ್ರಹವೆಂದು ಯಾರು ಹೇಳಿಯಾರು?

ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಕಾಣುವುದಿಲ್ಲ, ಮೂರ್ಛೆಯಲ್ಲಿ ಎಂದರೆ ಮಮಕಾರದಲ್ಲಿ ಕಾಣುತ್ತದೆ. ದಿಗಂಬರ ಮುನಿಯು ವಸ್ತ್ರವನ್ನು ತಾನಾಗಿ ಬಿಡುತ್ತಾನೆ, ಅದು ತಪಸ್ಸು. ಸೆರೆಯಾಳಿನ ವಸ್ತ್ರವನ್ನು ಇನ್ನೊಬ್ಬನು ಕಸಿಯುತ್ತಾನೆ, ಅದು ಹಿಂಸೆ. ಹೊರಗಣ್ಣಿಗೆ ಎರಡೂ ಬರಿಮೈ, ಒಳಗೆ ಅಜಗಜಾಂತರ. ತ್ಯಾಗಕ್ಕೆ ಮೊದಲು ಸ್ವಾಧೀನತೆ ಬೇಕು. ಸರ್ವಸ್ವವನ್ನೂ ಕಳೆದುಕೊಂಡವನಿಗೆ ಅಪರಿಗ್ರಹದ ಉಪದೇಶ ಮಾಡುವುದು ಧರ್ಮದ ಮಾತಿನಲ್ಲಿ ಗಾಯಕ್ಕೆ ಉಪ್ಪು ಸವರಿದಂತೆ.

ಜೈನ ಪರಂಪರೆಯೂ ನೆನಪನ್ನು ತಿರಸ್ಕರಿಸಿದ್ದಲ್ಲ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಗ್ರಾಮವು ಹೊಯ್ಸಳರ ಮೂಲಸ್ಥಾನವಾದ ಸೊಸೆವೂರು; ಕಾಫಿ ತೋಟಗಳ ನಡುವಿನ ಆ ಊರಿನಲ್ಲಿ ಹಳೆಯ ಬಸದಿಗಳೂ ಶಾಸನಗಳೂ ಇವೆ. ಸಲ್ಲೇಖನದಿಂದ ಮುಡಿಪಿದವರಿಗಾಗಿ ಕನ್ನಡ ನಾಡಿನ ಉದ್ದಗಲಕ್ಕೂ ನಿಸಿದಿಗಲ್ಲುಗಳನ್ನು ನಿಲ್ಲಿಸಲಾಗಿದೆ. ಎಲ್ಲವನ್ನೂ ಬಿಟ್ಟವರ ಹೆಸರನ್ನು ಉಳಿದವರು ಕಲ್ಲಿನಲ್ಲಿ ಕಾಪಾಡಿದರು. ನಿಸಿದಿಯೂ ಒಂದು ಸ್ಥಳ, ಒಂದು ಹೆಸರು.

ಈ ವಿಚಾರವು ಗ್ರಂಥದಲ್ಲಿಯೇ ನಿಲ್ಲತಕ್ಕದ್ದಲ್ಲ. 2019ರ ಆಗಸ್ಟ್ ತಿಂಗಳ ಮಳೆಗೆ ಇದೇ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಗ್ರಾಮಗಳಲ್ಲಿ ಗುಡ್ಡ ಕುಸಿದು ಜನ ಮನೆ ತೊರೆಯಬೇಕಾಯಿತು. ಇಂಥ ಸಮಯದಲ್ಲಿ ಮನೆಮನೆಗಳಿಂದ ಬಟ್ಟೆಯ ಗಂಟುಗಳು ಹೊರಬೀಳುತ್ತವೆ. ಅವುಗಳಲ್ಲಿ ಹರಿದದ್ದು, ಮಾಸಿದ್ದು, ಯಾರ ಅಳತೆಗೂ ಒಪ್ಪದ್ದು ಸೇರಿರುವುದನ್ನು ಬಲ್ಲವರು ಬಲ್ಲರು. ಬೇಡವಾದುದನ್ನು ಹೊರಹಾಕುವುದು ಮನೆ ಗುಡಿಸಿದಂತೆಯೇ ಹೊರತು ದಾನವಾಗದು. ಆದಿಪುರಾಣಗಳು ಹೇಳುವ ದಯಾದತ್ತಿಯ ತಿರುಳು ಅಭಯ. ಪಡೆಯುವವನ ಅಳತೆ ಕೇಳಿ ಕೊಟ್ಟ ಒಂದು ಹೊಸ ಸೀರೆ, ಕೆಸರಿನಿಂದ ಎತ್ತಿ ತಂದ ಒಂದು ಭಾವಚಿತ್ರವನ್ನು ಒಣಗಿಸಿ ಕಾಪಿಡಲು ಬಸದಿಯ ಟ್ರಸ್ಟು ಬಿಟ್ಟುಕೊಟ್ಟ ಒಂದು ಕಪಾಟು: ಇವು ಅಭಯದ ಕಾರ್ಯಗಳು.

‘ಯಾದ್ ವಶೇಮ್’ನ ಮುಸ್ಲಿಂ ಕುಟುಂಬವು ಅನಾಥ ಬಾಲಕಿಗೆ ಕೊಟ್ಟದ್ದು ಭಿಕ್ಷೆಯನ್ನಲ್ಲ, ಮನೆಯನ್ನು. ಕಾದಂಬರಿಯ ನಿಜವಾದ ಹಿರಿಮೆ ಇರುವುದು ಇಲ್ಲಿ. ವ್ರತಗಳ ಹೆಸರನ್ನೇ ಎತ್ತದೆ ಈ ಕೃತಿಯು ಅಹಿಂಸೆಯನ್ನು ಗೃಹಸ್ಥನ ಹೊಸ್ತಿಲಲ್ಲಿ ತೋರಿಸುತ್ತದೆ. ಶ್ರಾವಕರ ಮನೆಗಳಲ್ಲಿಯೂ ಬಸದಿಗಳ ಗ್ರಂಥಭಂಡಾರಗಳಲ್ಲಿಯೂ ಇದಕ್ಕೆ ಸ್ಥಳವಿರುವುದು ಉಚಿತ.